ಸೇವಂತಿಗೆ ಆಗದ ಕೈ

ಸೇವಂತಿಗೆ ಹೂವು ನನ್ನ ಮೈಗೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ, ಹೋಟೆಲಿನವರ ಜೊತೆ ಮಾಡಿಕೊಂಡಿದ್ದ ಎರಡು ವರ್ಷದ ಕರಾರಿನಲ್ಲಿ ಇನ್ನೂ ಹನ್ನೊಂದು ತಿಂಗಳು ಉಳಿದಿತ್ತು. ನನ್ನ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಅಂಕಪಟ್ಟಿಗಳು, ಹೂವಿನ ಅಲಂಕಾರದ ತರಬೇತಿ ಮುಗಿಸಿದ್ದಕ್ಕೆ ಸಿಕ್ಕ ಪ್ರಮಾಣಪತ್ರ, ಎಲ್ಲದರ ಮೂಲಪ್ರತಿಗಳೂ ಹೋಟೆಲಿನ ಆಫೀಸಿನ ಕಬ್ಬಿಣದ ಕಪಾಟಿನಲ್ಲಿದ್ದವು. ಅವಧಿ ಮುಗಿಯುವ ತನಕ ಅವನ್ನು ವಾಪಸು ಕೊಡುವುದಿಲ್ಲ ಎಂದು ಕರಾರಿನಲ್ಲೇ ಬರೆದಿತ್ತು. ಆ ಹೋಟೆಲಿನಲ್ಲಿ ನನ್ನ ಕೆಲಸವೆಂದರೆ ಹೂವು ಜೋಡಿಸುವುದು. ದಿನಾ ಬೆಳಿಗ್ಗೆ ನನ್ನ ಮೇಜಿನ ಮೇಲೆ ಬಂದು ಬೀಳುತ್ತಿದ್ದ ಹೂವಿನಲ್ಲಿ ಅರ್ಧಕ್ಕರ್ಧ ಸೇವಂತಿಗೆಯೇ.

ನಮ್ಮದು ಸಿಂದಗಿ ಕಡೆಯ ಊರು. ನಾಲ್ಕನೆಯ ತರಗತಿಯ ತನಕ ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆಗೆ ಹೋದೆ. ಆಮೇಲೆ ಅಪ್ಪ ಅವ್ವ ನನ್ನನ್ನು ಗೋವಾದ ಉಸಗಾಂವಕ್ಕೆ ಕರೆಸಿಕೊಂಡರು. ಅಪ್ಪ ಮೊದಲು ಅದಿರಿನ ಲಾರಿಗಳಿಗೆ ಮಾಲು ತುಂಬುವ ಕಡೆ ಇದ್ದ. ಗಣಿ ನಿಂತ ಮೇಲೆ ಕಟ್ಟಡಗಳ ಸೆಂಟ್ರಿಂಗ್ ಕೆಲಸ ಹಿಡಿದ. ಅವ್ವ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಹನ್ನೆರಡನೆಯ ತರಗತಿ ಮುಗಿಸಿ ನಾನು ಮಡ್ಕಯಿಯ ಒಂದು ಕಾರ್ಖಾನೆ ಸೇರಿದೆ. ಶಾಂಪೂ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಬರುತ್ತವೆ. ಮುಚ್ಚಳ ಸೊಟ್ಟಗೆ ಕೂತಿದ್ದರೆ ಅದನ್ನು ತೆಗೆದು ನೆಟ್ಟಗೆ ಕೂರಿಸಬೇಕು. ಮೂರು ವರ್ಷ ನಿಂತಲ್ಲೇ ನಿಂತು ಅದೊಂದನ್ನೇ ಮಾಡಿದೆ. ಮನೆಗೆ ಬಂದು ಮಲಗಿದರೆ ಕಣ್ಣು ಮುಚ್ಚಿದ ಕೂಡಲೇ ಬಾಟಲಿಗಳು ಸರಿಯತೊಡಗುತ್ತಿದ್ದವು.

ಒಂದು ದಿನ ಫೋಂಡಾ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಒಂದು ಕಾಗದ ಅಂಟಿಸಿದ್ದು ಕಂಡಿತು. ಪಣಜಿಯ ಒಂದು ತರಬೇತಿ ಕೇಂದ್ರದಲ್ಲಿ ಆರು ತಿಂಗಳ ಹೂವಿನ ಅಲಂಕಾರದ ಕೋರ್ಸು, ಹೆಣ್ಣುಮಕ್ಕಳಿಗೆ ಶುಲ್ಕವಿಲ್ಲ ಎಂದಿತ್ತು. ಪಕ್ಕದಲ್ಲಿ ದೊಡ್ಡ ಗಾಜಿನ ಕುಂಡದಲ್ಲಿ ಬಿಳಿ ಹೂವುಗಳನ್ನು ಜೋಡಿಸಿದ ಚಿತ್ರ. ನನಗೆ ಚಿತ್ರಕ್ಕಿಂತ ಅದರ ಹಿಂದೆ ಕಾಣುತ್ತಿದ್ದ ಮೇಜು ಇಷ್ಟವಾಯಿತು. ಅದು ಚಲಿಸುತ್ತಿರಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಮನೆಗೆ ಬಂದು ಅಪ್ಪನಿಗೆ ತೋರಿಸಿದೆ.

"ಹೂ ಕಟ್ಟೂದು ಕಲಿಯಾಕ ಪಣಜಿಗಿ ಹೋಗಬೇಕೇನು? ನಿಮ್ಮವ್ವನ್ನ ಕೇಳು, ಕುಂತಲ್ಲೇ ಕಲಿಸ್ತಾಳ," ಎಂದ ಅಪ್ಪ.

"ಇದು ಮಾಲಿ ಕಟ್ಟೂದಲ್ಲಪ್ಪಾ. ದೊಡ್ಡ ದೊಡ್ಡ ಹೋಟೆಲ್ದಾಗ, ಮದಿವ್ಯಾಗ ಅಲಂಕಾರ ಮಾಡ್ತಾರಲ್ಲ, ಅದು."

"ಮತ್ತ ಕಾರ್ಖಾನಿ?"

"ಬಿಡ್ತೇನಿ."

ರೊಟ್ಟಿ ಬಡಿಯುತ್ತಿದ್ದ ಅವ್ವ ಒಳಗಿನಿಂದಲೇ ಹೇಳಿದಳು: "ಆರು ತಿಂಗಳ ಐತಿ, ಹೋಗಿ ಬರ್ಲಿ ಬಿಡ್ರಿ. ಅಲ್ಲಿ ನಿಂತು ನಿಂತು ಹುಡಿಗಿ ಕಾಲು ಬಾತಾವು."

ಅಪ್ಪ ಒಪ್ಪಿದ. "ಆದ್ರ ಒಂದ್ ಮಾತು. ಮುಗದ ಮ್ಯಾಲ ಖಾಯಂ ಕೆಲಸ ಹಿಡೀಬೇಕು. ಮದಿವಿ ಮಾಡವ್ರ ಸಂಗಡ ಊರೂರು ತಿರಗೂದು ಬ್ಯಾಡ."

ಕೋರ್ಸಿನಲ್ಲಿ ನಾವು ಹದಿನಾರು ಜನ ಇದ್ದೆವು. ಕಲಿಸುತ್ತಿದ್ದವರು ಐವತ್ತು ದಾಟಿದ ಗೋವಾದ ಕ್ರಿಶ್ಚಿಯನ್ ಹೆಂಗಸು. ಮದುಮಗಳ ಕೈಗುಚ್ಛ, ಚರ್ಚಿನ ಬಲಿಪೀಠದ ಅಲಂಕಾರ ಎಂದು ಮೂವತ್ತು ವರ್ಷ ಈ ಕೆಲಸದಲ್ಲೇ ಕಳೆದವರು. ನಾವು ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆವು. ನಮ್ಮೊಡನೆ ಹಿಂದಿ, ಸಿಟ್ಟು ಬಂದರೆ ಕೊಂಕಣಿ. ಮೊದಲ ವಾರ ಅವರು ನಮಗೆ ಹೂವನ್ನೇ ಮುಟ್ಟಿಸಲಿಲ್ಲ. ಬರೀ ಎಲೆಗಳು. ಎಲೆಗಳಲ್ಲೇ ಎತ್ತರ, ತಗ್ಗು, ಖಾಲಿ ಜಾಗ ತೋರಿಸಿ ಎನ್ನುತ್ತಿದ್ದರು. ಆಮೇಲೆ ದಂಟನ್ನು ಓರೆಯಾಗಿ ಕತ್ತರಿಸುವುದು, ನೀರಿನಲ್ಲಿ ಮುಳುಗುವ ಎಲೆಗಳನ್ನು ಬಿಡಿಸುವುದು, ಯಾವ ಹೂವು ಎಷ್ಟು ದಿನ ಬಾಳುತ್ತದೆ ಎಂಬ ಲೆಕ್ಕ, ಯಾವ ಬಣ್ಣದ ಪಕ್ಕ ಯಾವುದು ಸಾಯುತ್ತದೆ ಎಂಬುದು. ಎರಡನೆಯ ತಿಂಗಳು ಕೈಗುಚ್ಛ ಕಲಿಸಿದರು. ಎಡಗೈಯ ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಮೊದಲ ದಂಟು ಹಿಡಿದು, ಒಂದೊಂದು ದಂಟು ಸೇರಿಸಿದ ಹಾಗೆಲ್ಲ ಗುಚ್ಛವನ್ನು ತುಸು ತಿರುಗಿಸುತ್ತ ಹೋಗಬೇಕು. ಸರಿಯಾಗಿ ಬಂದರೆ ದಂಟುಗಳು ಕೆಳಗೆ ಹರಡಿಕೊಂಡು ಇಡೀ ಗುಚ್ಛ ಮೇಜಿನ ಮೇಲೆ ತಾನಾಗಿಯೇ ನಿಲ್ಲುತ್ತದೆ. ನನ್ನದು ಹನ್ನೆರಡು ಸಲ ಬಿದ್ದು ಹದಿಮೂರನೆಯ ಸಲ ನಿಂತಿತು. ಟೀಚರ್ ಅದರ ಸುತ್ತ ಒಂದು ಸುತ್ತು ಬಂದು ಮುಂದಿನ ಮೇಜಿಗೆ ಹೋದರು. ಅಂದು ಬಸ್ಸಿನಲ್ಲಿ ಉಸಗಾಂವದ ತನಕ ನಾನು ಖಾಲಿ ಕೈಯನ್ನೇ ಹಾಗೆ ಹಿಡಿದುಕೊಂಡು ಕೂತಿದ್ದೆ.

ಐದನೆಯ ತಿಂಗಳು ಮುಗಿಯುತ್ತ ಬಂದಾಗ ಟೀಚರ್ ಒಂದು ಮಧ್ಯಾಹ್ನ ಕತ್ತರಿಗಳನ್ನೆಲ್ಲ ಒಳಗಿಡಿಸಿ, ಮುಂದೆ ಯಾರು ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರು. ಆಮೇಲೆ ಅವರೇ ಒಂದೊಂದಾಗಿ ಹೇಳತೊಡಗಿದರು. ಮದುವೆಯ ಡೆಕೊರೇಟರುಗಳ ಹತ್ತಿರ ಹೋದರೆ ಬೇಗ ಕಲಿಯುತ್ತೀರಿ, ಆದರೆ ಸೀಸನ್ನಿನಲ್ಲಿ ಮನೆಯವರ ಮುಖ ಕಾಣುವುದಿಲ್ಲ, ಮಳೆಗಾಲದಲ್ಲಿ ಕೆಲಸವೇ ಇರುವುದಿಲ್ಲ. ಸ್ವಂತ ಅಂಗಡಿಗೆ ಬಂಡವಾಳ ಬೇಕು, ಮಾರಾಟವಾಗದ ಹೂವನ್ನು ಕಸಕ್ಕೆ ಹಾಕುವ ಗಟ್ಟಿ ಮನಸ್ಸೂ ಬೇಕು. ಸತ್ತವರಿಗೆ ಇಡುವ ಹೂಚಕ್ರದ ಕೆಲಸ ವರ್ಷವಿಡೀ ಇರುತ್ತದೆ, ಆದರೆ ಅದು ಗುರುತಿದ್ದವರ ಕೈಗೇ ಹೋಗುತ್ತದೆ. ಪ್ರವಾಸಿ ಹಡಗಿನ ಮೇಲೂ ಕೆಲಸವಿದೆ, ಅದಕ್ಕೆ ಇಂಗ್ಲಿಷ್ ಚೆನ್ನಾಗಿ ಬರಬೇಕು. ನನ್ನ ಹಾಗೆ ಕಲಿಸಬೇಕೆಂದರೆ ಇನ್ನೂ ಹತ್ತು ವರ್ಷ ಕಾಯಿರಿ ಎಂದು ನಕ್ಕರು. ಹೋಟೆಲಾದರೆ ತಿಂಗಳ ಸಂಬಳ, ಊಟ, ಸಮವಸ್ತ್ರ. ಅಪ್ಪನ ಮಾತು ನೆನಪಿನಲ್ಲಿತ್ತು. ನಾನು ಹೋಟೆಲ್ ಎಂದೆ.

ಹೋಟೆಲು ಪಣಜಿಯಿಂದಾಚೆ ಸಮುದ್ರದ ದಂಡೆಯ ಮೇಲಿತ್ತು. ಉಸಗಾಂವದಿಂದ ದಿನಾ ಓಡಾಡುವಷ್ಟು ಹತ್ತಿರವಲ್ಲ. ಸಿಬ್ಬಂದಿಯ ವಸತಿಯಲ್ಲಿ ಒಂದು ಕೋಣೆಗೆ ಆರು ಹೆಣ್ಣುಮಕ್ಕಳು. ವಾರಕ್ಕೊಂದು ರಜೆ. ಸಮುದ್ರದ ದಂಡೆ ಎಂದರೂ ನಮ್ಮ ಹೂವಿನ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿ ಇರಲಿಲ್ಲ. ಒಂದು ಬದಿಗೆ ಹೂವು ಇಡುವ ಥಂಡಿ ಕೋಣೆ, ನಡುವೆ ಉದ್ದನೆಯ ಸ್ಟೀಲ್ ಮೇಜು, ಮೇಲೆ ಟ್ಯೂಬ್‌ಲೈಟು. ಹೊರಗೆ ಮಳೆಯೋ ಬಿಸಿಲೋ ಎಂಬುದು ಹೂವು ತಂದವರ ಬಟ್ಟೆ ನೋಡಿ ತಿಳಿಯಬೇಕು. ನಮ್ಮ ಮೇಲ್ವಿಚಾರಕ ದಿಲ್ಲಿ ಕಡೆಯವನು, ನಲವತ್ತರ ಆಸುಪಾಸು, ಕೆಲಸ ಬಲ್ಲವನು. ಮಾತು ಕಡಿಮೆ.

ಮೊದಲ ತಿಂಗಳುಗಳು ಚೆನ್ನಾಗಿದ್ದವು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಆರಕ್ಕೆ ಬೆಳಗಾವಿಯಿಂದ ಹೂವಿನ ಗಾಡಿ ಬರುತ್ತಿತ್ತು. ಎಂಟರ ಒಳಗೆ ಮುಂಬಾಗಿಲ ದೊಡ್ಡ ಕುಂಡ ಸಿದ್ಧವಾಗಬೇಕು. ಮೂರನೆಯ ತಿಂಗಳಿನಿಂದ ಮೇಲ್ವಿಚಾರಕ ಅದನ್ನು ನನಗೇ ಬಿಟ್ಟ. ಮುಗಿಸಿ ಒಂದು ಗಳಿಗೆ ದೂರ ನಿಂತು ನೋಡುತ್ತಿದ್ದೆ. ಸೂಟ್‌ಕೇಸ್ ಎಳೆಯುತ್ತ ಬಂದವರು ಅದರ ಮುಂದೆ ಕಾಲು ತಡೆದು ನಿಲ್ಲುತ್ತಿದ್ದರು. ಮಡ್ಕಯಿಯಲ್ಲಿ ನಾನು ನೆಟ್ಟಗೆ ಮಾಡಿದ ಮುಚ್ಚಳದ ಮುಂದೆ ಯಾರೂ ಹಾಗೆ ನಿಂತಿದ್ದಿಲ್ಲ.

ಎಂಟನೆಯ ತಿಂಗಳಲ್ಲಿ ಎಡಗೈಯ ಹೆಬ್ಬೆರಳ ತುದಿ ಒಣಗಿ ಬಿರಿಯತೊಡಗಿತು. ಥಂಡಿ ಕೋಣೆಯ ಗಾಳಿಗೆ ಇರಬೇಕು, ಸೋಪಿಗೆ ಇರಬೇಕು ಎಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿದೆ. ಬಿರುಕು ಪಕ್ಕದ ಬೆರಳುಗಳಿಗೂ ಹೋಯಿತು. ದಂಟು ಹಿಡಿಯುವ ಬೆರಳುಗಳೇ. ರಜೆಯ ದಿನ ಮನೆಗೆ ಹೋದಾಗ ರೊಟ್ಟಿಗೆ ಕೆಂಪು ಮೆಣಸಿನಕಾಯಿ ಹಿಂಡಿ ಹಚ್ಚಿಕೊಂಡರೆ ಬೆಂಕಿ ಇಟ್ಟಂತೆ ಉರಿಯುತ್ತಿತ್ತು. ಚಮಚ ಕೇಳಿದೆ. ಅವ್ವ ಕೈ ಹಿಡಿದು ನೋಡಿ ಅರಿಸಿನ ಹಚ್ಚಿದಳು. ಎರಡು ದಿನ ಕಡಿಮೆ, ಮೂರನೆಯ ದಿನ ಮತ್ತೆ ಅದೇ.

ಹೂವಿನ ಕೋಣೆಯಲ್ಲಿ ಯಾರೂ ಗಮನಿಸಲಿಲ್ಲ. ಗಮನಿಸಿದವರು ಬೆಳಗಾವಿಯ ಗಾಡಿ ತರುತ್ತಿದ್ದ ಚಾಚಾ. ಅರವತ್ತರ ಹತ್ತಿರದ ಮುಸಲ್ಮಾನ ಮನುಷ್ಯ. ಇಡೀ ಹೋಟೆಲಿನಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಒಂದು ಬೆಳಿಗ್ಗೆ ಹೂವಿನ ಕಟ್ಟು ಕೊಡುತ್ತ ನನ್ನ ಬೆರಳು ನೋಡಿದರು.

"ಯವ್ವಾ, ಕೈಗೇನಾತು?"

"ಏನಿಲ್ಲ ಚಾಚಾ, ಥಂಡಿಗಿ ಒಡದಾವು."

"ಥಂಡಿಗಿ ಒಡದ್ರ ಎರಡೂ ಕೈ ಒಡೀತಾವ. ಇದು ಹೂವಿಂದು. ನಮ್ಮಲ್ಲಿ ಶೇವಂತಿ ಕೊಯ್ಯೋ ಒಬ್ಬ ಹೆಣಮಗಳಿಗಿ ಹಿಂಗ ಆಗಿತ್ತು. ದವಾಖಾನಿಗಿ ತೋರ್ಸು, ತಡಾ ಮಾಡಬ್ಯಾಡ."

ನಾನು ತಡ ಮಾಡಿದೆ. ಕಣ್ಣಿನ ರೆಪ್ಪೆಗಳು ಬಾತುಕೊಂಡು ತುರಿಸತೊಡಗಿದ ಮೇಲೆ ಹೋದೆ. ಸರಕಾರಿ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡವರಾದ ಡಾಕ್ಟರಮ್ಮ, ಯಾವುದು ಮೈಗೆ ಆಗುವುದಿಲ್ಲ ಎಂದು ತಿಳಿಯಲು ಬೆನ್ನಿನ ಮೇಲೆ ಸಣ್ಣ ಸಣ್ಣ ಪಟ್ಟಿಗಳನ್ನು ಅಂಟಿಸಿ, ಎರಡು ದಿನ ನೀರು ತಾಗಿಸಬೇಡಿ ಎಂದರು. ಮೇ ತಿಂಗಳ ಸೆಕೆಯಲ್ಲಿ ಸ್ನಾನವಿಲ್ಲದೆ ಬೆನ್ನು ಗೋಡೆಗೆ ತಾಗಿಸದೆ ಎರಡು ದಿನ ಕಳೆದೆ. ಪಟ್ಟಿ ಕಿತ್ತಾಗ ಮೂರು ಕಡೆ ಚರ್ಮ ಕೆಂಪಾಗಿ ಗುಳ್ಳೆ ಎದ್ದಿತ್ತು. ಸೇವಂತಿಗೆ, ಚೆಂಡುಹೂ, ಜರ್ಬೆರಾ ಎಲ್ಲ ಒಂದೇ ಕುಲದವು, ಅವು ನಿಮ್ಮ ಮೈಗೆ ಆಗುವುದಿಲ್ಲ ಎಂದು ಹಿಂದಿಯಲ್ಲಿ ವಿವರಿಸಿ, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಕೆಲಸ ಬದಲಿಸಿ," ಎಂದರು.

"ಆಗದಿದ್ದರೆ?"

"ಮುಟ್ಟಬೇಡಿ. ಮುಟ್ಟಲೇಬೇಕೆಂದರೆ ಈ ನೀಲಿ ಗ್ಲೌಸ್ ಹಾಕಿಕೊಳ್ಳಿ. ಮುಲಾಮಿಗೆ ಇಳಿಯುತ್ತದೆ. ಆದರೆ ಮತ್ತೆ ಮುಟ್ಟಿದರೆ ಮತ್ತೆ ಬರುತ್ತದೆ. ಇದು ಹೋಗುವಂಥದ್ದಲ್ಲ."

ಮರುದಿನ ಹೋಟೆಲಿನ ಆಫೀಸಿಗೆ ಹೋಗಿ, ನನ್ನ ಅಂಕಪಟ್ಟಿಗಳು ಬೇಕಾಗಿವೆ ಎಂದೆ. ಅಲ್ಲಿನ ಅಧಿಕಾರಿ ಕಂಪ್ಯೂಟರಿನಿಂದ ಮುಖ ತೆಗೆಯದೆ, ಅವಧಿ ಮುಗಿಯಲಿ ಕೊಡುತ್ತೇವೆ, ಬೇರೆ ಕಡೆ ಕೆಲಸ ಸಿಕ್ಕಿತೇ ಎಂದು ಕೇಳಿದ. ಇಲ್ಲ ಎಂದು ಬಂದೆ. ಕಾಯಿಲೆಯ ವಿಷಯ ಹೇಳಲು ನನಗೆ ಧೈರ್ಯ ಬರಲಿಲ್ಲ. ವಸತಿಯಲ್ಲಿ ನಮ್ಮ ಕೋಣೆಯಲ್ಲಿದ್ದ, ಹಾಸಿಗೆ ಬದಲಿಸುವ ಕೆಲಸದ ಹುಡುಗಿಗೆ ಹಿಂದಿನ ವರ್ಷ ಬೆನ್ನುನೋವು ಬಂದಾಗ, ಕೆಲಸಕ್ಕೆ ಅನರ್ಹಳು ಎಂದು ಬರೆದುಕೊಟ್ಟು ಕಳಿಸಿದ್ದರು. ಆ ಕಾಗದ ಹಿಡಿದು ಹೋದಲ್ಲೆಲ್ಲ ಅವಳಿಗೆ ಇಲ್ಲ ಎಂದರು. ನನಗೂ ಹಾಗೆ ಬರೆದುಕೊಟ್ಟರೆ? ಕಾಗದವಿಲ್ಲದೆ ಓಡಿಹೋದರೆ ಹನ್ನೆರಡನೆಯ ತರಗತಿ ಓದಿದ್ದೇನೆ ಎಂಬುದಕ್ಕೂ ಸಾಕ್ಷಿ ಇಲ್ಲ. ಕಾರ್ಖಾನೆಯಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದು ವರ್ಷ ಮೇಲಾಗಿತ್ತು. ಅಂದು ಮೊದಲ ಬಾರಿಗೆ ಆ ಕಿಟಕಿಯಿಲ್ಲದ ಕೋಣೆಯಲ್ಲಿ ನನಗೆ ಉಸಿರು ಕಟ್ಟಿದ ಹಾಗಾಯಿತು. ಬಾಗಿಲು ತೆರೆದೇ ಇತ್ತು, ಆದರೂ.

ನೆಲಮಾಳಿಗೆಯಲ್ಲಿ ನೀಲಿ ಗ್ಲೌಸ್ ಹಾಕಿಕೊಳ್ಳತೊಡಗಿದೆ. ಕೇಳಿದವರಿಗೆ ಉಗುರು ಹಾಳಾಗುತ್ತದೆ ಎಂದೆ. ಅವರು ನಕ್ಕರು. ಮೇಲೆ ಅತಿಥಿಗಳ ಎದುರು ಮಾತ್ರ ಗ್ಲೌಸ್ ನಡೆಯುತ್ತಿರಲಿಲ್ಲ. "ಇದು ಆಪರೇಷನ್ ಕೋಣೆಯಲ್ಲ, ತೆಗೆ," ಎಂದಿದ್ದ ಮೇಲ್ವಿಚಾರಕ. ಮುಂಬಾಗಿಲ ಕುಂಡದ ಮುಂದೆ ಬರಿಗೈಯಲ್ಲಿ ನಿಲ್ಲುತ್ತಿದ್ದೆ. ಕೆಳಗೆ ಬಂದು ಕೈ ತೊಳೆದು ಮುಲಾಮು ಹಚ್ಚಿ ಮತ್ತೆ ಗ್ಲೌಸ್. ಗ್ಲೌಸಿನಲ್ಲಿ ದಂಟಿನ ಮೈ ತಿಳಿಯುವುದಿಲ್ಲ. ತಾಜಾ ದಂಟು ಯಾವುದು, ಒಳಗೆ ಕೊಳೆತದ್ದು ಯಾವುದು ಎಂದು ನನ್ನ ಬೆರಳುಗಳು ಹೇಳುತ್ತಿದ್ದವು. ಈಗ ಕಣ್ಣಿನಿಂದ ಹುಡುಕಬೇಕು. ಕೆಲಸ ನಿಧಾನವಾಯಿತು. ಬೈಗುಳ ಹೆಚ್ಚಾಯಿತು.

ಆ ಡಿಸೆಂಬರಿನಲ್ಲಿ ಹೋಟೆಲಿನ ಹುಲ್ಲುಹಾಸಿನ ಮೇಲೆ ಒಂದು ದೊಡ್ಡ ಮದುವೆ. ಮದುಮಗಳಿಗೆ ಬಿಳಿ ಮಂಟಪ ಬೇಕಂತೆ, ಅಡಿಯಿಂದ ಮುಡಿಯ ತನಕ ಬಿಳಿ ಸೇವಂತಿಗೆ. ಚಾಚಾ ಎರಡು ಗಾಡಿ ತಂದರು. ಕಟ್ಟುಗಳನ್ನು ಇಳಿಸುತ್ತ ನನ್ನ ಕಡೆ ನೋಡಿ, "ಇವತ್ತರೆ ರಜಾ ಹಾಕಬಾರದಿತ್ತೇನವ್ವಾ?" ಎಂದರು. ಸೀಸನ್ನಿನಲ್ಲಿ ಯಾರಿಗೂ ರಜೆ ಇರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಬೆಳಗಿನಿಂದ ಸಂಜೆಯ ತನಕ ಎರಡು ದಿನ ಏಣಿಯ ಮೇಲೆ ನಿಂತು ಕಂಬಗಳಿಗೆ ಹೂವು ಚುಚ್ಚಿದೆ. ಬಿಸಿಲಿಗೆ ಹೂವಿನ ವಾಸನೆ ಬಿಸಿಯಾಗಿ ಮುಖಕ್ಕೆ ಹೊಡೆಯುತ್ತಿತ್ತು. ಮೂರನೆಯ ದಿನ ಎದ್ದಾಗ ಕಣ್ಣುಗಳು ಸೀಳಿನಷ್ಟೇ ತೆರೆದವು. ಆದರೂ ಹೋದೆ. ಕೊನೆಯ ಕಮಾನು ನನ್ನದೇ ಆಗಿತ್ತು. ಮಧ್ಯಾಹ್ನ ಮದುಮಗಳ ತಾಯಿ ನೋಡಲು ಬಂದು ಮಂಟಪದ ನಡುವೆ ನಿಂತು ಕತ್ತೆತ್ತಿ ನೋಡಿದರು. "ಯಾರು ಮಾಡಿದ್ದು?" ಎಂದು ಕೇಳಿದರು. ಮೇಲ್ವಿಚಾರಕ ನನ್ನ ಕಡೆ ಕೈ ತೋರಿಸಲು ತಿರುಗಿದ, ನನ್ನ ಮುಖ ನೋಡಿದ, ಕೈ ಕೆಳಗಿಳಿಸಿ, "ನಮ್ಮ ತಂಡ," ಎಂದ. ಅವರು ಆಚೆ ಹೋದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಕಣ್ಣುಬೇನೆ ಹಚ್ಚಿಕೊಂಡು ಅತಿಥಿಗಳ ನಡುವೆ ಓಡಾಡುತ್ತೀಯಾ? ಒಳಗೆ ಹೋಗು, ಮದುವೆ ಮುಗಿಯುವ ತನಕ ಹೊರಗೆ ಕಾಣಿಸಬೇಡ," ಎಂದ.

ಬಟ್ಟೆ ಮಡಚುವ ಕೋಣೆಯಲ್ಲಿ, ಬಿಳಿ ಚಾದರುಗಳ ರಾಶಿಯ ನಡುವೆ ಒಂದು ಸ್ಟೂಲಿನ ಮೇಲೆ ಕೂತೆ. ವಾದ್ಯದ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ನಾನು ಕಟ್ಟಿದ ಕಮಾನಿನ ಕೆಳಗೆ ಮದುಮಗಳು ಹಾದು ಬರುತ್ತಿರಬೇಕು ಎಂದು ಲೆಕ್ಕ ಹಾಕಿದೆ. ಅಳು ಬಂದರೆ ಕಣ್ಣು ಇನ್ನಷ್ಟು ಉರಿಯುತ್ತಿತ್ತು, ಹಾಗಾಗಿ ಅಳಲೂ ಆಗಲಿಲ್ಲ.

ಜನವರಿಯಲ್ಲಿ ಮನೆಯವರು ನನಗೆ ಗಂಡು ನೋಡಿದರು. ಮುದ್ದೇಬಿಹಾಳದ ಕಡೆಯವರು, ಹುಡುಗ ವಾಸ್ಕೋದಲ್ಲಿ ಬಂದರಿನ ಕೆಲಸ. ಅವರು ಬರುವ ಹಿಂದಿನ ದಿನ ಅವ್ವ ನನ್ನ ಕೈ ನೋಡಿ ಮದರಂಗಿ ಅರೆದಳು.

"ಬ್ಯಾಡವ್ವಾ, ಉರೀತೈತಿ."

"ಒಂದು ತಾಸು ತಡಕೋ. ಈ ಕೈ ನೋಡಿದ್ರ ಏನಂದಾರು? ಹೂ ಅಂದ್ರ ದೇವರದು. ಅದು ನಿನ್ನ ಮೈಗಿ ಆಗಂಗಿಲ್ಲ ಅಂದ್ರ ನಾ ಯಾರಿಗಿ ಹೇಳ್ಲಿ?"

ಬಿರುಕುಗಳಲ್ಲಿ ಮದರಂಗಿ ಕಪ್ಪಾಗಿ ಕೂತು ಗೆರೆಗಳೆಲ್ಲ ಇನ್ನಷ್ಟು ಎದ್ದು ಕಂಡವು. ಚಹಾದ ತಟ್ಟೆ ಹಿಡಿದುಹೋದಾಗ ಹುಡುಗನ ತಾಯಿ ಮುಖಕ್ಕಿಂತ ಮೊದಲು ಕೈ ನೋಡಿದಳು.

"ಹೋಟೆಲ್ದಾಗ ಏನ್ ಕೆಲಸ ಮಾಡ್ತೀಯವಾ? ಭಾಂಡಿ ತಿಕ್ಕತೀ ಏನು?"

"ಇಲ್ರಿ. ಹೂವಿನ ಕೆಲಸ."

"ಹೂವಿನ ಕೆಲಸಕ್ಕ ಹಿಂಗ್ಯಾಕ ಆಗ್ಯಾವ ಕೈ?" ಎಂದು ಅವಳು ಅವ್ವನನ್ನು ಕೇಳಿದಳು. ಅವ್ವ ಚಹಾಕ್ಕೆ ಸಕ್ಕರೆ ಸಾಕೇ ಎಂದು ವಿಚಾರಿಸಿದಳು. ಅವರು ಮತ್ತೆ ಬರಲಿಲ್ಲ. ಮೂರನೆಯ ದಿನ ಅಪ್ಪ, "ನಾನಽ ಖಾಯಂ ಕೆಲಸ ಹಿಡಿ ಅಂದಿದ್ದೆ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಮುಂದಿನ ರಜೆಯ ದಿನ ಉಸಗಾಂವದ ಬಸ್ಸು ಹತ್ತದೆ ಪಣಜಿಯ ತರಬೇತಿ ಕೇಂದ್ರಕ್ಕೆ ಹೋದೆ. ಟೀಚರ್ ಒಬ್ಬರೇ ಕೂತು ಬಾಡಿದ ಹೂವುಗಳಿಂದ ತಂತಿ ಬಿಡಿಸುತ್ತಿದ್ದರು. ನಾನು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟೆ. ಅವರು ಕೇಳಿದ್ದು, "ಸೇವಂತಿಗೆಯಾ?" ಎಂದಷ್ಟೇ.

ನಾನು ಹೂವಿನ ಹೆಸರನ್ನೇ ಎತ್ತಿರಲಿಲ್ಲ.

"ನಿಮಗೆ ಗೊತ್ತಿತ್ತೇ?"

"ಪ್ರತಿ ತಂಡದಲ್ಲೂ ಒಬ್ಬಳೋ ಇಬ್ಬರೋ ಬರುತ್ತಾರೆ ಹೀಗೆ. ಕೆಲವರಿಗೆ ಲಿಲ್ಲಿ ಜಾತಿಯದು, ಕೆಲವರಿಗೆ ಇದು."

"ಅಂದು ಎಲ್ಲ ಕೆಲಸಗಳ ಬಗ್ಗೆ ಹೇಳಿದಿರಿ. ಇದನ್ನು ಯಾಕೆ ಹೇಳಲಿಲ್ಲ?"

ಟೀಚರ್ ಬಿಡಿಸಿದ ತಂತಿಯನ್ನು ಬೆರಳಿಗೆ ಸುತ್ತಿಕೊಂಡರು. "ಹೇಳಿದರೆ ಅರ್ಧ ಹುಡುಗಿಯರು ಹೆದರಿ ಬಿಡುತ್ತಾರೆ. ಮನೆಯವರೇ ಬಿಡಿಸುತ್ತಾರೆ. ಹದಿನಾರರಲ್ಲಿ ಹದಿನೈದು ಮಂದಿಗೆ ಏನೂ ಆಗುವುದಿಲ್ಲ. ನೀನು ಆಗ ಕೇಳಿಸಿಕೊಂಡಿದ್ದರೆ ಮಡ್ಕಯಿಗೇ ವಾಪಸು ಹೋಗುತ್ತಿದ್ದೆ."

"ಹೋಗುತ್ತಿದ್ದೆನೋ ಇಲ್ಲವೋ, ಅದನ್ನು ನಾನು ತೀರ್ಮಾನಿಸುತ್ತಿದ್ದೆ," ಎಂದೆ. ಅವರ ಎದುರು ಅಷ್ಟು ಗಟ್ಟಿಯಾಗಿ ನಾನು ಎಂದೂ ಮಾತಾಡಿದ್ದಿಲ್ಲ. ಎದ್ದು ಬಾಗಿಲ ತನಕ ಹೋದೆ. ಅವರು ಕರೆದರು. ತಪ್ಪಾಯಿತು ಎಂದು ಹೇಳಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, ಡಾಕ್ಟರ ಚೀಟಿ ಇದೆಯೇ ಎಂದು ಕೇಳಿದರು. ಅದನ್ನು ಬಚ್ಚಿಟ್ಟುಕೊಂಡು ಏನು ಮಾಡುತ್ತೀ, ಮೇಲ್ವಿಚಾರಕನಿಗೆ ತೋರಿಸು, ಕೆಲಸ ಬಿಡಿಸಿ ಎನ್ನಬೇಡ, ಕೆಲಸ ಬದಲಿಸಿ ಎನ್ನು. ಹೂವಿನ ಕೋಣೆಯಲ್ಲಿ ಹೂವು ಮುಟ್ಟದ ಕೆಲಸವೂ ಇರುತ್ತದೆ, ಅಲಂಕಾರದ ನಕ್ಷೆ ಬರೆಯುವುದು, ಹೂವು ತರಿಸುವುದು, ಬಂದದ್ದನ್ನು ಪರೀಕ್ಷಿಸುವುದು. ಅದನ್ನು ಮಾಡಲು ಯಾರಿಗೂ ಮನಸ್ಸಿರುವುದಿಲ್ಲ ಎಂದರು. ಅರ್ಜಿಯನ್ನು ಅವರೇ ಇಂಗ್ಲಿಷಿನಲ್ಲಿ ಬರೆದುಕೊಟ್ಟರು.

ಮೇಲ್ವಿಚಾರಕ ಚೀಟಿಯನ್ನು ಎರಡು ಸಲ ಓದಿದ.

"ಎಷ್ಟು ದಿನದಿಂದ?"

"ಒಂದು ವರ್ಷದ ಮೇಲಾಯಿತು."

"ಮದುವೆಯ ದಿನ ಅದು ಕಣ್ಣುಬೇನೆಯಾಗಿರಲಿಲ್ಲವೇ?"

"ಇಲ್ಲ."

ಅವನು ಚೀಟಿ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದ. ನಾಲ್ಕು ದಿನ ಏನೂ ಸುದ್ದಿಯಿಲ್ಲ. ಆ ನಾಲ್ಕು ದಿನ, ಆಫೀಸಿನಿಂದ ಅನರ್ಹಳು ಎಂಬ ಕಾಗದ ಬರುತ್ತದೆ ಎಂದೇ ಕಾದೆ. ಐದನೆಯ ದಿನ ಕೋಣೆಯ ಮೂಲೆಗೆ ಒಂದು ಸಣ್ಣ ಮೇಜು, ಹಳೆಯ ಕಂಪ್ಯೂಟರು ಬಂದವು. ಇನ್ನು ಮೇಲೆ ಹೂವು ತರಿಸುವುದು, ಮದುವೆಗಳ ನಕ್ಷೆ ನಿನ್ನದು ಎಂದ. ಕರುಣೆಯೋ, ಆ ಕೆಲಸ ಅವನಿಗೆ ಬೇಸರವಾಗಿತ್ತೋ, ನಾನು ಕೇಳಲಿಲ್ಲ.

ಎರಡು ತಿಂಗಳಲ್ಲಿ ಕೈ ಗುಣವಾಯಿತು. ಹೊಸ ಚರ್ಮ ಬಂತು. ಆದರೆ ಅದಕ್ಕೆ ಕೆಲಸವಿರಲಿಲ್ಲ. ನನ್ನ ಜಾಗಕ್ಕೆ ಬಂದ ಹೆಂಗಸು ಕುಂಡ ಜೋಡಿಸುವಾಗ ನಾನು ಮೂಲೆಯಿಂದ, ಎಡಕ್ಕೆ, ಇನ್ನೂ ಸ್ವಲ್ಪ ಎತ್ತರಕ್ಕೆ ಎಂದು ಹೇಳಬೇಕು. ಅವಳಿಗೆ ನನ್ನ ಮಾತು ಅರ್ಥವಾಗದಾಗ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಹಿಂದೆಗೆದುಕೊಂಡು ಕಂಪ್ಯೂಟರಿನ ಮೇಲೆ ಇಡುತ್ತಿದ್ದೆ.

ಕರಾರು ಮುಗಿದ ದಿನ ಆಫೀಸಿನವರು ನನ್ನ ಕಾಗದಗಳನ್ನು ಒಂದು ಕಂದು ಲಕೋಟೆಯಲ್ಲಿ ಹಾಕಿ ಕೊಟ್ಟರು. ಮನೆಗೆ ಒಯ್ದೆ. ಅಪ್ಪ ಅವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, "ಇನ್ನ ಬಿಡ್ತೀ ಏನು?" ಎಂದು ಕೇಳಿದ. ಬಿಡುತ್ತೇನೆ ಎಂದೆ. ಒಂದು ವಾರ ಪಣಜಿ, ಮಡಗಾಂವ, ಫೋಂಡಾ ಸುತ್ತಿದೆ. ಅಂಗಡಿಯವರು ಕೈಗುಚ್ಛ ಕಟ್ಟಿ ತೋರಿಸು ಎನ್ನುತ್ತಿದ್ದರು. ಮೇಜಿನ ಮೇಲೆ ಸೇವಂತಿಗೆ ಇರುತ್ತಿತ್ತು. ಡೆಕೊರೇಟರುಗಳ ಗೋದಾಮಿನಲ್ಲಿ ಚೆಂಡುಹೂವಿನ ಮೂಟೆಗಳು. ಹೂವು ಮುಟ್ಟದ ಅಲಂಕಾರದವಳು ಎಂದರೆ ಒಬ್ಬ ನಗುತ್ತ, ಈಜು ಬಾರದ ಮೀನುಗಾರ್ತಿಯೇ ಎಂದು ಕೇಳಿದ. ನನ್ನ ಕೈಯ ಕಥೆ ಗೊತ್ತಿದ್ದೂ ಕೆಲಸ ಕೊಡುವವರು ಇಡೀ ಗೋವಾದಲ್ಲಿ ಆ ಹೋಟೆಲಿನವರು ಮಾತ್ರ. ಮುಂದಿನ ಸೋಮವಾರ ನಾನೇ ಬ್ಯಾಗು ಹಿಡಿದು ಅಲ್ಲಿಗೆ ವಾಪಸು ಹೋದೆ. ಈ ಸಲ ಯಾವ ಕಾಗದವೂ ನನ್ನನ್ನು ಹಿಡಿದಿರಲಿಲ್ಲ.

ಈಗ ಆ ಮೂಲೆಯ ಮೇಜಿನಲ್ಲಿ ಮೂರನೆಯ ವರ್ಷ. ಮಂಟಪಗಳ ನಕ್ಷೆ ಬರೆಯಲು ಕಂಪ್ಯೂಟರಿನಲ್ಲಿ ಕಲಿತಿದ್ದೇನೆ. ಚೆನ್ನಾಗಿ ಬರೆಯುತ್ತೇನೆ ಎನ್ನುತ್ತಾರೆ. ಗುಲಾಬಿ, ಲಿಲ್ಲಿ, ಎಲೆಗಳನ್ನು ಗ್ಲೌಸಿಲ್ಲದೆ ಮುಟ್ಟಬಹುದು, ಆದರೆ ಅವು ಸೇವಂತಿಗೆಯ ಜೊತೆಗೇ ಅದೇ ಬಕೆಟ್ಟಿನಲ್ಲಿ ಬರುತ್ತವೆ. ಚಾಚಾ ಮಾತ್ರ ಆಗಾಗ ನಾಲ್ಕು ಗುಲಾಬಿ ಬೇರೆ ಕಾಗದದಲ್ಲಿ ಸುತ್ತಿ ತಂದು, "ಇವು ಬ್ಯಾರೆ ಇಟ್ಟಿದ್ನಿ, ಮುಟ್ಟವ್ವಾ," ಎಂದು ಕೊಡುತ್ತಾರೆ.

ಕಳೆದ ಜುಲೈಯಲ್ಲಿ ಟೀಚರ್ ಫೋನು ಮಾಡಿ, ಹೊಸ ತಂಡಕ್ಕೆ ಕೆಲಸಗಳ ಬಗ್ಗೆ ನೀನೇ ಬಂದು ಹೇಳು ಎಂದರು. ಎಲ್ಲ ಹೇಳಲೇ ಎಂದು ಕೇಳಿದೆ. ಹೇಳು ಎಂದರು. ಹದಿನೆಂಟು ಹುಡುಗಿಯರ ಮುಂದೆ ನಿಂತು ಹೋಟೆಲು, ಮದುವೆ, ಅಂಗಡಿ, ಚರ್ಚು ಎಲ್ಲ ಹೇಳಿದೆ. ಆಮೇಲೆ ಬೆರಳು, ಕಣ್ಣು, ಬೆನ್ನಿನ ಪಟ್ಟಿ, ಕಪಾಟಿನಲ್ಲಿದ್ದ ಅಂಕಪಟ್ಟಿ ಹೇಳಿದೆ. ಚರ್ಮದ ವಿಭಾಗಕ್ಕೆ ಹೇಗೆ ಹೋಗಬೇಕು, ಚೀಟಿ ಮಾಡಿಸಲು ಎಷ್ಟು ಬೇಗ ಸಾಲು ನಿಲ್ಲಬೇಕು ಎಂಬುದನ್ನೂ ಬೋರ್ಡಿನ ಮೇಲೆ ಬರೆದೆ. ಮೂಲಪ್ರತಿ ಯಾರಿಗೂ ಕೊಡಬೇಡಿ ಎಂದೆ. ಮರುದಿನ ಮೂವರು ಬರಲಿಲ್ಲ ಎಂದು ಟೀಚರ್ ತಿಳಿಸಿದರು. ಅವರ ದನಿಯಲ್ಲಿ ದೂರು ಇರಲಿಲ್ಲ, ಸಂತೋಷವೂ ಇರಲಿಲ್ಲ. ಆ ಮೂವರಲ್ಲಿ ಒಬ್ಬಳು ಮನೆಯವರನ್ನು ಬಹಳ ಕಷ್ಟದಿಂದ ಒಪ್ಪಿಸಿ ಬಂದಿದ್ದಳಂತೆ. ಅವಳ ಬಗ್ಗೆ ನಾನು ಹಲವು ದಿನ ಯೋಚಿಸಿದೆ. ಉಳಿದ ಹದಿನೈದು ಮಂದಿ ಕೋರ್ಸು ಮುಗಿಸಿದರು. ಈ ವರ್ಷದ ತಂಡಕ್ಕೂ ಹೇಳಲು ಟೀಚರ್ ಕರೆದಿದ್ದಾರೆ. ಒಪ್ಪಿಕೊಂಡಿದ್ದೇನೆ.